ಹಾರ್ಲೆಮ್‌ಗೆ ಹೋದರೆ ಮೊದಲು ಚಿತ್ರ ನೋಡಿ, ಆಮೇಲೆ ಊರು ಸುತ್ತಿ

ತುಂಗಾತೀರ

ಆಮ್‌ಸ್ಟರ್‌ಡ್ಯಾಮ್ ಸುತ್ತಮುತ್ತ ಇರುವ ಕನ್ನಡಿಗರಿಗೆ, ಅದರಲ್ಲೂ ಬೇಸಿಗೆಗೆ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರಿಗೆ ಈ ಪೋಸ್ಟ್. ಉದ್ದ ಇದೆ, ಕಾಫಿ ಇಟ್ಟುಕೊಂಡು ಓದಿ.

ಮನೆಗೆ ಬಂದವರನ್ನೆಲ್ಲ ನಾವು ಒಂದೇ ದಾರಿಯಲ್ಲಿ ಸುತ್ತಿಸುತ್ತೇವೆ. ಗಾಳಿಗಿರಣಿ, ಕಾಲುವೆಯಲ್ಲಿ ದೋಣಿ, ಚೀಸ್ ಅಂಗಡಿ. ಮೂರನೇ ದಿನ ಅಪ್ಪ ಕೇಳಿದರು: "ಇವೆಲ್ಲ ಸರಿ, ಆದರೆ ಇವರು ಮೊದಲು ಏನು ಮಾಡಿಕೊಂಡಿದ್ದರು? ದುಡ್ಡು ಎಲ್ಲಿಂದ ಬಂತು?" ಅಪ್ಪ ಊರಿನ ಸೊಸೈಟಿಯಲ್ಲಿ ಮೂವತ್ತು ವರ್ಷ ಕಾರ್ಯದರ್ಶಿ ಆಗಿದ್ದವರು. ಲೆಕ್ಕ ಕೇಳದೆ ಬಿಡುವವರಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾರ್ಲೆಮ್‌ನಲ್ಲಿ ಹಳೇ ಚಿತ್ರಗಳಿವೆ, ಅಲ್ಲಿ ಏನಾದರೂ ಸಿಗಬಹುದು ಅಂತ ಕರೆದುಕೊಂಡು ಹೋದೆ. ರೈಲಿನಲ್ಲಿ ಕಾಲು ಗಂಟೆ, ಇಪ್ಪತ್ತು ನಿಮಿಷದ ದಾರಿ.

ಹೋಗಿ ನೋಡಿದರೆ, ಆ ಊರಿನ ಹಳೇ ಚಿತ್ರಕಾರ ಫ್ರಾನ್ಸ್ ಹಾಲ್ಸ್ ಹೆಸರಿನ ಮ್ಯೂಸಿಯಂ ಬಾಗಿಲು ಹಾಕಿತ್ತು. ಸೋಮವಾರ ರಜ. ತಪ್ಪು ನನ್ನದೇ, ನೋಡಿಕೊಂಡು ಹೊರಡಬೇಕಿತ್ತು. ಅಮ್ಮ "ನಮ್ಮ ಕಟಿಂಗ್ ಶಾಪಿಗೆ ಮಂಗಳವಾರ, ಇವರಿಗೆ ಸೋಮವಾರ" ಎಂದು ನಕ್ಕುಬಿಟ್ಟರು. ಗುರುವಾರ ಮತ್ತೆ ಹೋದೆವು.

ಮೊದಲು ಆ ಕಟ್ಟಡದ ಬಗ್ಗೆ ಹೇಳಬೇಕು. ಅದು ಮ್ಯೂಸಿಯಂ ಆಗಿದ್ದು 1913ರಲ್ಲಿ. 1609ರಲ್ಲಿ ಶುರುವಾದಾಗ ಅದು ವಯಸ್ಸಾದ ಗಂಡಸರ ಆಶ್ರಯಧಾಮ. ನಡುವೆ ಅಂಗಳ, ಸುತ್ತ ಸಾಲಾಗಿ ಮೂವತ್ತು ಪುಟ್ಟ ಮನೆಗಳು. ಸೇರಬೇಕಾದರೆ ಅರವತ್ತು ದಾಟಿರಬೇಕು, ಒಂಟಿಯಾಗಿರಬೇಕು, ಹಾರ್ಲೆಮ್‌ನವನೇ ಆಗಿರಬೇಕು, ಒಳ್ಳೆಯ ಹೆಸರಿರಬೇಕು. ಬರುವಾಗ ಏನೇನು ತರಬೇಕು ಅಂತ ಪಟ್ಟಿ ಬೇರೆ: ಒಂದು ಹಾಸಿಗೆ, ದಿಂಬು ಇರುವ ಒಂದು ಕುರ್ಚಿ, ತವರದ ಒಂದು ಮೂತ್ರದ ಪಾತ್ರೆ, ಮೂರು ಕಂಬಳಿ, ಆರು ಒಳ್ಳೆಯ ಅಂಗಿ, ರಾತ್ರಿ ಹಾಕಿಕೊಳ್ಳಲು ಆರು ಟೋಪಿ. ಬೇಸಿಗೆಯಲ್ಲಿ ರಾತ್ರಿ ಎಂಟಕ್ಕೆ, ಚಳಿಗಾಲದಲ್ಲಿ ಏಳಕ್ಕೆ ಬಾಗಿಲಿಗೆ ಬೀಗ. ಅಪ್ಪ ಇದನ್ನು ಎರಡು ಸಲ ಕೇಳಿಸಿಕೊಂಡರು. "ಆರು ಟೋಪಿ ಯಾಕೆ?" ಎಂದರು. ನನಗೇನು ಗೊತ್ತು?

ಈಗ ಒಳಗೆ ಬನ್ನಿ. ಅದೇ ಆಶ್ರಯಧಾಮದ ಆಡಳಿತ ನೋಡುತ್ತಿದ್ದ ಗಂಡಸರದ್ದು ಒಂದು ಚಿತ್ರ, ಹೆಂಗಸರದ್ದು ಇನ್ನೊಂದು. ಎರಡನ್ನೂ ಫ್ರಾನ್ಸ್ ಹಾಲ್ಸ್ ಬರೆದದ್ದು ಸುಮಾರು 1664ರಲ್ಲಿ. ಆಗ ಅವನಿಗೆ ಎಂಬತ್ತು ದಾಟಿತ್ತು. ಕಪ್ಪು ಬಟ್ಟೆ, ಬಿಳಿ ಕಾಲರ್, ಬೇರೆ ಅಲಂಕಾರ ಏನೂ ಇಲ್ಲ. ಆ ಹೆಂಗಸರ ಕೈಗಳನ್ನು ನೋಡಬೇಕು ನೀವು. ಒಬ್ಬಾಕೆಯ ಕೈ ಮುದುರಿ ಮಡಿಲಲ್ಲಿ ಬಿದ್ದಿದೆ, ಇನ್ನೊಬ್ಬಾಕೆಯದು ಈಗ ಯಾರಿಗೋ ಏನೋ ಕೊಡಬೇಕೋ ಬೇಡವೋ ಅನ್ನುವ ಹಾಗಿದೆ. ಅಮ್ಮ ಆ ಚಿತ್ರದ ಮುಂದೆ ಹತ್ತು ನಿಮಿಷ ನಿಂತರು. ಆಮೇಲೆ "ಇವರ ಹತ್ತಿರ ಸಕ್ಕರೆ ಸಾಲ ಕೇಳೋಕೂ ಆಗಲ್ಲ" ಎಂದರು. ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ಸರಿಯಾಗಿ ಹೇಳಿರಲಿಲ್ಲ.

ಆ ಹೆಂಗಸರು ಯಾವ ಮನೆಯ ಲೆಕ್ಕ ನೋಡುತ್ತಿದ್ದರೋ ಅದೇ ಮನೆಯಲ್ಲಿ ಅವರ ಚಿತ್ರ ನೋಡಬಹುದು. ಎಷ್ಟು ಮ್ಯೂಸಿಯಂಗಳಲ್ಲಿ ಇದು ಸಿಗುತ್ತದೆ ಹೇಳಿ?

ಅದಕ್ಕಿಂತ ಮೊದಲಿನ ದೊಡ್ಡ ಚಿತ್ರಗಳು ಊರ ಕಾವಲು ಪಡೆಯ ಅಧಿಕಾರಿಗಳದ್ದು. 1616ರದ್ದು ಮೊದಲನೆಯದು. ಊಟದ ಮೇಜು, ಕೋಳಿ, ಬಾವುಟ, ಎದೆ ಮೇಲೆ ಅಡ್ಡ ಪಟ್ಟಿ. ಅಪ್ಪ ನೋಡಿದವರೇ "ಇದು ನಮ್ಮ ಸೊಸೈಟಿ ಡೈರೆಕ್ಟರುಗಳ ಗ್ರೂಪ್ ಫೋಟೋ" ಎಂದರು. "ನೋಡು, ಅಧ್ಯಕ್ಷ ಎಲ್ಲಿ ಕೂತಿದ್ದಾನೆ, ಯಾರು ಜಾಗ ಸಿಗದೆ ಹಿಂದೆ ನಿಂತಿದ್ದಾರೆ." ನಿಜಕ್ಕೂ ಹಾಗೇ ಇದೆ. ಕೂರುವ ಜಾಗ ಹುದ್ದೆಯ ಪ್ರಕಾರ. ಬಾವುಟ ಹಿಡಿದು ನಿಂತವರು ಮದುವೆ ಆಗದ ಹುಡುಗರು. ಬಾವುಟ ಹಿಡಿದವನು ಮುಂದೆ ಹೋಗಬೇಕು, ಸಾಯುವ ಸಂಭವ ಜಾಸ್ತಿ, ಅದಕ್ಕೇ ಹೆಂಡತಿ ಮಕ್ಕಳಿಲ್ಲದವನೇ ಆಗಬೇಕಿತ್ತು.

ಆಮೇಲೆ ಹತ್ತು ನಿಮಿಷ ನಡೆದು ಗ್ರೋಟೆ ಮಾರ್ಕ್ಟ್ ಚೌಕಕ್ಕೆ ಬಂದೆವು. ಅದನ್ನು ಗೆರಿಟ್ ಬೆರ್ಕ್‌ಹೈಡೆ ಎಂಬಾತ ಮತ್ತೆ ಮತ್ತೆ ಬರೆದಿದ್ದಾನೆ. 1696ರದ್ದು ಮ್ಯೂಸಿಯಂನಲ್ಲೇ ನೋಡಿದ್ದೆವು. ಚೌಕದಲ್ಲಿ ನಿಂತು ಫೋನಿನಲ್ಲಿದ್ದ ಚಿತ್ರ ಎತ್ತಿ ಹಿಡಿದರೆ ಚರ್ಚು ಅದೇ, 1603ರ ಮಾಂಸದ ಮಾರುಕಟ್ಟೆ ಕಟ್ಟಡ ಅದೇ. ಸೈಕಲ್‌ಗಳು ಮಾತ್ರ ಹೊಸವು.

ನನ್ನ ಮಾತು ಇಷ್ಟೇ. ಊರು ಸುತ್ತಿ ಸುಸ್ತಾದ ಮೇಲೆ ಮ್ಯೂಸಿಯಂಗೆ ಹೋಗಬೇಡಿ. ಮೊದಲು ಚಿತ್ರ ನೋಡಿ, ಆಮೇಲೆ ಊರು ನೋಡಿ. ನಿಮ್ಮ ಅನುಭವ ಬರೆಯಿರಿ.

ಉಡುಪಿ_ರಥಬೀದಿ

ಒಳ್ಳೆ ಬರೆದಿದ್ದೀರಿ ಮಾರಾಯ್ರೆ. ನಾವು ಕಳೆದ ವರ್ಷ ಡೆಲ್ಫ್ಟ್‌ಗೆ ಹೋಗಿದ್ದೆವು, ವರ್ಮೀರ್‌ನ ಊರು ಅಂತ. ಅಲ್ಲಿ ಅವನ ಒಂದು ಅಸಲಿ ಚಿತ್ರವೂ ಇಲ್ಲ! ಎಲ್ಲ ನಕಲು. ಡೆಲ್ಫ್ಟ್‌ನ ನೋಟ ಬರೆದ ಚಿತ್ರ ಹೇಗ್‌ನಲ್ಲಿದೆ, ಬೀದಿಯ ಚಿತ್ರ ಆಮ್‌ಸ್ಟರ್‌ಡ್ಯಾಮ್‌ನಲ್ಲಿದೆ. ನನ್ನ ಗಂಡ ದಾರಿಯುದ್ದಕ್ಕೂ ಅದನ್ನೇ ಹೇಳಿ ಹೇಳಿ ತಲೆ ತಿಂದರು. ಹಾರ್ಲೆಮ್‌ನಲ್ಲಿ ಹಾಗಿಲ್ಲ ಅಲ್ವಾ? ಮಕ್ಕಳಿಗೆ ಬೋರ್ ಆಗುವುದಿಲ್ಲವಾ? ನಮ್ಮದು ಎಂಟು ವರ್ಷದ್ದು ಒಂದು, ಐದರದ್ದು ಒಂದು.

ತುಂಗಾತೀರ

ಇಲ್ಲ ಅಕ್ಕ, ಹಾಲ್ಸ್‌ನ ದೊಡ್ಡ ಗುಂಪು ಚಿತ್ರಗಳು ಬಹುತೇಕ ಹಾರ್ಲೆಮ್‌ನಲ್ಲೇ ಉಳಿದಿವೆ. ಊರ ಪಡೆಗೆ, ಊರ ಆಸ್ಪತ್ರೆಗೆ ಅಂತ ಬರೆದದ್ದು, ಹಾಗಾಗಿ ಊರು ಬಿಟ್ಟು ಹೋಗಲಿಲ್ಲ. ಮಕ್ಕಳಿಗೆ ಎರಡು ಚಿತ್ರ ಸಾಕು. ಒಂದು, ಯಾನ್ ದ ಬ್ರೈ 1663ರಲ್ಲಿ ಬರೆದ ಅನಾಥಾಲಯದ ಚಿತ್ರ. ಹೊಸದಾಗಿ ಬಂದ ಮಕ್ಕಳಿಗೆ ಬಟ್ಟೆ ಕೊಡುತ್ತಿದ್ದಾರೆ, ಊಟ ನೀರು ಕೊಡುತ್ತಿದ್ದಾರೆ. ಇನ್ನೊಂದು, ಟ್ಯೂಲಿಪ್ ಹುಚ್ಚಿನ (ಹೂವಿನ ಗಡ್ಡೆಗೆ ಜನ ಸಿಕ್ಕಾಪಟ್ಟೆ ಬೆಲೆ ಕೂಗಿದ ಕಾಲ) ಮೇಲೆ ಕಿರಿಯ ಯಾನ್ ಬ್ರೂಗೆಲ್ ಬರೆದ ಕೋತಿಗಳ ಚಿತ್ರ. ಅದರ ಮುಂದೆ ಯಾವ ಮಗುವೂ ಬೋರ್ ಅನ್ನುವುದಿಲ್ಲ.

ಲೆಕ್ಕದ_ಪುಸ್ತಕ

ಕೋತಿಗಳ ಚಿತ್ರ ಅಂದ ತಕ್ಷಣ ಬಂದೆ. ನನ್ನ ಕೆಲಸ ಷೇರು ಮಾರುಕಟ್ಟೆ, ಹಾಗಾಗಿ ಆ ಚಿತ್ರ ನನಗೆ ದೇವರ ಫೋಟೋ ಇದ್ದ ಹಾಗೆ.

ನೋಡದವರಿಗೆ ಹೇಳುತ್ತೇನೆ. ಮನುಷ್ಯರ ಬಟ್ಟೆ ಹಾಕಿದ ಕೋತಿಗಳು. ಒಂದು ಕೋತಿ ಹೂವು ತೋರಿಸುತ್ತಿದೆ, ಒಂದು ದುಡ್ಡು ಎಣಿಸುತ್ತಿದೆ, ಕೆಲವು ಕೂತು ಭರ್ಜರಿ ಊಟ ಹೊಡೆಯುತ್ತಿವೆ. ಬಲಗಡೆ ಬಂದರೆ ಕಥೆ ಉಲ್ಟಾ. ಒಂದು ಕೋತಿಯನ್ನು ನ್ಯಾಯಾಧೀಶರ ಮುಂದೆ ಎಳೆದು ತಂದಿದ್ದಾರೆ, ಒಂದರ ಶವ ಹೊತ್ತುಕೊಂಡು ಹೋಗುತ್ತಿದ್ದಾರೆ. ಒಂದಂತೂ ಟ್ಯೂಲಿಪ್ ಹೂವಿನ ಮೇಲೆ ಉಚ್ಚೆ ಹೊಯ್ಯುತ್ತಿದೆ. ಸುಮಾರು 1640ರ ಚಿತ್ರ. ಅಂದರೆ ಬೆಲೆ ಬಿದ್ದು ಮೂರು ವರ್ಷಕ್ಕೇ ಊರೆಲ್ಲ ನಗುತ್ತಿತ್ತು.

ಬೆಲೆ ಮೊದಲು ಬಿದ್ದಿದ್ದೂ ಹಾರ್ಲೆಮ್‌ನಲ್ಲೇ, 1637ರ ಫೆಬ್ರವರಿ ಮೊದಲ ವಾರ. ಗಡ್ಡೆ ಇನ್ನೂ ಮಣ್ಣಿನಲ್ಲಿರುತ್ತಿತ್ತು, ವ್ಯಾಪಾರ ಹೆಂಡದಂಗಡಿಯಲ್ಲಿ ಕಾಗದದ ಮೇಲೆ ಆಗುತ್ತಿತ್ತು. ಒಂದು ದಿನ ಕೂಗಿದ ಬೆಲೆಗೆ ಯಾರೂ ಕೈ ಎತ್ತಲಿಲ್ಲ, ಅಷ್ಟೇ. ಇಡೀ ದೇಶ ಮುಳುಗಿತು ಎಂಬುದು ಮಾತ್ರ ಉಪ್ಪು ಖಾರ ಹಚ್ಚಿದ ಕಥೆ. ಈಚಿನ ಇತಿಹಾಸಕಾರರು ಕಡತ ತೆಗೆದು ನೋಡಿದಾಗ ಪೆಟ್ಟು ತಿಂದವರು ಕೆಲವೇ ವ್ಯಾಪಾರಿಗಳು ಅಂತ ಗೊತ್ತಾಯಿತು.

ಇನ್ನು ತುಂಗಾತೀರ ಅವರ ಅಪ್ಪನಿಗೆ ನನ್ನ ನಮಸ್ಕಾರ ಹೇಳಿ. ಆ ಗುಂಪು ಚಿತ್ರಗಳಿಗೆ ಸಾಮಾನ್ಯವಾಗಿ ತಲೆಗೆ ಇಷ್ಟು ಅಂತ ಕೊಡುತ್ತಿದ್ದರು. ಆಮ್‌ಸ್ಟರ್‌ಡ್ಯಾಮ್‌ನ ಒಂದು ಪಡೆ ಹಾಲ್ಸ್‌ಗೆ ಕೆಲಸ ಒಪ್ಪಿಸಿತ್ತು, ತಲೆಗೆ 60 ಗಿಲ್ಡರ್ (ಆಗಿನ ಡಚ್ ನಾಣ್ಯ). ಅವನು ಅರ್ಧ ಮಾಡಿ ನಿಲ್ಲಿಸಿಬಿಟ್ಟ. ಆಮ್‌ಸ್ಟರ್‌ಡ್ಯಾಮ್‌ಗೆ ಬಂದು ಮುಗಿಸು ಅಂದರೆ ಇವನು, ಬೇಕಾದರೆ ನೀವೇ ಹಾರ್ಲೆಮ್‌ಗೆ ಬನ್ನಿ ಅಂದ. 66ಕ್ಕೆ ಏರಿಸಿದರೂ ಬರಲಿಲ್ಲ. ಕೊನೆಗೆ ಪೀಟರ್ ಕೊಡ್ಡೆ ಎಂಬ ಬೇರೆ ಕಲಾವಿದ ಮುಗಿಸಿಕೊಟ್ಟ. ಅದು ಈಗ ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂನಲ್ಲಿದೆ. ಕಾಲು ಗಂಟೆ ರೈಲಿನ ದೂರಕ್ಕೆ ಇಷ್ಟು ಹಟ!

ದಾವಣಗೆರೆ_ಮಂಡಕ್ಕಿ

ಪಾಪ, ಆ ಹಾಲ್ಸ್ ಕೊನೆಗೆ ಭಿಕಾರಿಯಾಗಿ ಅದೇ ಮುದುಕರ ಆಶ್ರಯಧಾಮದಲ್ಲಿ ಇದ್ದನಂತಲ್ಲ? ಅಲ್ಲಿನ ಆಡಳಿತದವರ ಮೇಲೆ ಸೇಡು ತೀರಿಸಿಕೊಳ್ಳಲು ಅವರನ್ನು ಅಷ್ಟು ಕೆಟ್ಟದಾಗಿ ಬರೆದ ಅಂತ ಎಲ್ಲೋ ಓದಿದ್ದೆ. ಒಬ್ಬನಂತೂ ಟೋಪಿ ಓರೆ ಹಾಕಿ ಕುಡಿದವನ ಹಾಗೆ ಕೂತಿದ್ದಾನೆ.

ಹಳೇ_ಡ್ರಾಯಿಂಗ್_ಮೇಷ್ಟ್ರು

ಮಂಡಕ್ಕಿಯವರೇ, ಆ ಕಥೆ ಚೆನ್ನಾಗಿದೆ, ಆದರೆ ನಿಜ ಅಲ್ಲ. ಹಾಲ್ಸ್ ಅಲ್ಲಿ ಯಾವತ್ತೂ ವಾಸ ಇರಲಿಲ್ಲ. ಹೆಂಡತಿ ಇದ್ದಳು, ಹಾಗಾಗಿ ಸೇರಿಸಿಕೊಳ್ಳುತ್ತಲೂ ಇರಲಿಲ್ಲ. ಬಡತನ ಮಾತ್ರ ನಿಜ. 1654ರಲ್ಲಿ ಬ್ರೆಡ್ ಸಾಲಕ್ಕೆ ಬೇಕರಿಯವನು ಅವನ ಮನೆಯ ಹಾಸಿಗೆ, ಬೀರು, ಮೇಜು, ಐದು ಚಿತ್ರ ಬರೆಸಿಕೊಂಡ ಕಾಗದ ಉಳಿದಿದೆ. ಕೊನೆಗಾಲದಲ್ಲಿ ಊರಿನ ಆಡಳಿತ ವರ್ಷಕ್ಕೆ 200 ಗಿಲ್ಡರ್ ಪಿಂಚಣಿ ಕೊಟ್ಟಿತು, ಒಲೆಗೆ ಮೂರು ಗಾಡಿ ಪೀಟ್ ಮಣ್ಣನ್ನೂ (ಒಣಗಿಸಿ ಉರಿಸುವ ಜೌಗು ಮಣ್ಣು) ಕೊಟ್ಟಿತು. ಸೇಡಿನ ಕಥೆ ಬಹಳ ತಡವಾಗಿ ಹುಟ್ಟಿದ್ದು. ಓರೆ ಟೋಪಿಯವನು ಕುಡಿದಿದ್ದಾನೋ, ಮುಖಕ್ಕೆ ಪಾರ್ಶ್ವವಾಯು ಬಡಿದಿತ್ತೋ ಅಂತ ಇವತ್ತಿಗೂ ಜಗಳ ಇದೆ. ಟೋಪಿ ಓರೆ ಹಾಕುವುದು ಆಗಿನ ಫ್ಯಾಶನ್ನೂ ಹೌದು. ಅಲ್ಲದೆ ದುಡ್ಡು ಕೊಟ್ಟವರು ಚಿತ್ರ ತೆಗೆದುಕೊಂಡು ಗೋಡೆಗೆ ಹಾಕಿಕೊಂಡರಲ್ಲ. ಅವಮಾನ ಅನ್ನಿಸಿದ್ದರೆ ಹಾಕುತ್ತಿದ್ದರಾ?

ಈಗ ತುಂಗಾತೀರ, ನಿಮ್ಮ ಜೊತೆ ಒಂದು ತಕರಾರು ಇದೆ. ಸಿಟ್ಟು ಮಾಡಿಕೊಳ್ಳಬೇಡಿ. ನಾನು ಧಾರವಾಡದಲ್ಲಿ ಮೂವತ್ತೆರಡು ವರ್ಷ ಡ್ರಾಯಿಂಗ್ ಕಲಿಸಿದವನು. ಮಗಳ ಮನೆಗೆ ಬಂದಾಗ ಹಾರ್ಲೆಮ್‌ಗೆ ಮೂರು ಸಲ ಹೋಗಿದ್ದೇನೆ. ನೀವೆಲ್ಲ ಚಿತ್ರವನ್ನು ರಸೀದಿ ನೋಡಿದ ಹಾಗೆ ನೋಡುತ್ತಿದ್ದೀರಿ. ಯಾರು ದುಡ್ಡು ಕೊಟ್ಟರು, ಯಾರು ಎಲ್ಲಿ ಕೂತರು. ಅದು ಬೇಕು, ಬೇಡ ಅನ್ನುವುದಿಲ್ಲ. ಆದರೆ ಅಷ್ಟಕ್ಕೇ ಆದರೆ ಹಳೇ ಕಡತವೇ ಸಾಕಲ್ಲ, ಚಿತ್ರ ಯಾಕೆ?

ಮುಂದಿನ ಸಲ ಒಂದು ಕೆಲಸ ಮಾಡಿ. ಆಡಳಿತದ ಹೆಂಗಸರ ಚಿತ್ರಕ್ಕೆ ಎಷ್ಟು ಬಿಡುತ್ತಾರೋ ಅಷ್ಟು ಹತ್ತಿರ ಹೋಗಿ ಒಂದು ತೋಳಿನ ಪಟ್ಟಿ ನೋಡಿ. ಅಲ್ಲಿ ಬಟ್ಟೆ ಇಲ್ಲ. ನಾಲ್ಕೈದು ಬೂದು ಗೆರೆ, ಅದರ ಮೇಲೆ ಎರಡು ಬಿಳಿ ಗೆರೆ, ಅವಸರದಲ್ಲಿ ಎಳೆದ ಹಾಗೆ. ಮಕ್ಕಳು ಪರೀಕ್ಷೆಯ ಕೊನೇ ಐದು ನಿಮಿಷದಲ್ಲಿ ಎಳೆಯುತ್ತಾರಲ್ಲ, ಹಾಗೆ. ಈಗ ಆರು ಹೆಜ್ಜೆ ಹಿಂದೆ ಬನ್ನಿ. ಆ ಗೆರೆಗಳು ಗಂಜಿ ಹಾಕಿದ ತೆಳು ಬಟ್ಟೆ ಆಗಿಬಿಡುತ್ತವೆ. ಮತ್ತೆ ಮುಂದೆ ಹೋಗಿ, ಮತ್ತೆ ಗೆರೆ. ನಾನು ಹೀಗೆ ಹಿಂದೆ ಮುಂದೆ ಓಡಾಡಿದ್ದು ನೋಡಿ ಅಲ್ಲಿನ ಕಾವಲು ಹುಡುಗಿಗೆ ಅನುಮಾನ ಬಂತು, ಪಾಪ.

ಇನ್ನು ಕಪ್ಪು. ಹಾಲ್ಸ್‌ನ ಹತ್ತಿರ ಇಪ್ಪತ್ತೇಳು ಕಪ್ಪುಗಳಿವೆ ಅಂತ ವ್ಯಾನ್ ಗೋ ತಮ್ಮನಿಗೆ ಬರೆದ ಪತ್ರದಲ್ಲಿ ಹೇಳಿದ್ದಾನೆ. ನಾನು ಎಣಿಸಲು ಹೋಗಿ ಒಂಬತ್ತಕ್ಕೆ ಸೋತೆ.

ತುಂಗಾತೀರ

ಮೇಷ್ಟ್ರೇ, ಸಿಟ್ಟು ಯಾಕೆ? ತೋಳಿನ ಪಟ್ಟಿ ನಾನು ನೋಡಲೇ ಇಲ್ಲ, ಒಪ್ಪಿದೆ. ಆದರೆ ರಸೀದಿ ವಿಷಯದಲ್ಲಿ ನಾನು ಅಷ್ಟು ಬೇಗ ಬಿಡುವುದಿಲ್ಲ. ದುಡ್ಡಿನ ದಾರಿ ಹಿಡಿದು ಹೋದರೆ ಚಿತ್ರದಲ್ಲಿ ಯಾರು ಇಲ್ಲ ಅನ್ನುವುದೂ ಗೊತ್ತಾಗುತ್ತದೆ. ಆ ಮೂವತ್ತು ಮನೆಗಳಲ್ಲಿ ಇದ್ದ ಮುದುಕರಲ್ಲಿ ಒಬ್ಬನೂ ಆ ಎರಡು ಚಿತ್ರದಲ್ಲಿ ಇಲ್ಲ. ಲೆಕ್ಕ ನೋಡುವವರು ಇದ್ದಾರೆ, ಟೋಪಿ ಇಲ್ಲದ ಆಳು ಹಿಂದೆ ನಿಂತಿದ್ದಾನೆ. ಆರು ಟೋಪಿ ಹಿಡಿದುಕೊಂಡು ಬಂದವರು ಎಲ್ಲಿ?

ಹಳೇ_ಡ್ರಾಯಿಂಗ್_ಮೇಷ್ಟ್ರು

ಇದು ಒಳ್ಳೆ ಪ್ರಶ್ನೆ. ಇದಕ್ಕೆ ನನ್ನ ಹತ್ತಿರ ತಕರಾರಿಲ್ಲ.

ಚೌಳುಮಣ್ಣು

ಯಾರು ಇಲ್ಲ ಅನ್ನುವ ಮಾತು ಬಂತು, ಹಾಗಾಗಿ ಬರೆಯುತ್ತಿದ್ದೇನೆ. ನಮ್ಮದು ಮಡಿವಾಳರ ಮನೆತನ, ತುಮಕೂರು ಕಡೆ. ಅಜ್ಜಿ ಕೊನೆತನಕ ಊರ ಬಟ್ಟೆ ಒಗೆದವಳು. ನಾನು ಈಗ ಹೇಗ್ ಹತ್ತಿರ ಇದ್ದೇನೆ.

ಇಲ್ಲಿನ ಮೌರಿಟ್ಸ್‌ಹೌಸ್ ಮ್ಯೂಸಿಯಂನಲ್ಲಿ ಹಾರ್ಲೆಮ್‌ನ ಒಂದು ಚಿತ್ರ ಇದೆ. ಯಾಕೊಬ್ ವಾನ್ ರಾಯ್ಸ್‌ಡಾಲ್ ಬರೆದದ್ದು, 1670ರಿಂದ 75ರ ಒಳಗೆ. ಚಿಕ್ಕ ಚಿತ್ರ. ಮೂರರಲ್ಲಿ ಎರಡು ಪಾಲು ಬರೀ ಮೋಡ. ಕೆಳಗೆ ದೂರದಲ್ಲಿ ದೊಡ್ಡ ಚರ್ಚಿನ ಕಪ್ಪು ಆಕಾರ. ಎಲ್ಲರೂ ಮೋಡ ನೋಡುತ್ತಾರೆ. ನಾನು ನೋಡಿದ್ದು ಮುಂದಿನ ಹೊಲ. ಅಲ್ಲಿ ಉದ್ದುದ್ದ ಬಿಳಿ ಪಟ್ಟಿಗಳು. ಅದು ಹೊಲ ಅಲ್ಲ, ಹಾಸಿದ ಬಟ್ಟೆ. ಪಟ್ಟಿಗಳ ನಡುವೆ ಇರುವೆಯಷ್ಟು ದೊಡ್ಡ ಜನ ಬಗ್ಗಿ ಬಟ್ಟೆ ಎಳೆಯುತ್ತಿದ್ದಾರೆ.

ಎಲ್ಲೆಲ್ಲಿಂದಲೋ ನಾರಗಸೆ (ಲಿನನ್) ಬಟ್ಟೆಯನ್ನು ಬಿಳಿ ಮಾಡಿಸಲು ಹಾರ್ಲೆಮ್‌ಗೆ ಕಳಿಸುತ್ತಿದ್ದರಂತೆ. ಮರಳದಿಬ್ಬದ ಶುದ್ಧ ನೀರು ಅಲ್ಲಿತ್ತು. ಕ್ರಮ ಕೇಳಿ. ಮೊದಲು ಬೂದಿಯ ಖಾರನೀರಿನಲ್ಲಿ, ಅಂದರೆ ಕ್ಷಾರದ ನೀರಿನಲ್ಲಿ ಬೇಯಿಸುವುದು. ಒಗೆದು ಹುಲ್ಲಿನ ಮೇಲೆ ಬಿಸಿಲಿಗೆ ಹಾಸುವುದು, ಒಣಗಲು ಬಿಡದೆ ನೀರು ಎರಚುತ್ತಾ ಇರುವುದು. ಇದನ್ನೇ ಮತ್ತೆ ಮತ್ತೆ. ಕೊನೆಗೆ ಹುಳಿ ಮಜ್ಜಿಗೆಯಲ್ಲಿ ನೆನೆಸುವುದು. ತಿಂಗಳುಗಟ್ಟಲೆ ಕೆಲಸ.

ಇದನ್ನು ಓದಿ ನನಗೆ ನಗು ಬಂತು. ಖಾರ ಹೋಗಲು ಹುಳಿ ಬೇಕು ಅಂತ ಅವರಿಗೂ ಗೊತ್ತಿತ್ತು. ನಮ್ಮ ಅಜ್ಜಿ ಚೌಳು ಮಣ್ಣು ಕಲಸಿದ ನೀರಿನಲ್ಲಿ ಬಟ್ಟೆ ಅದ್ದಿ, ಹಂಡೆ ಮೇಲೆ ಪೇರಿಸಿ ಉಬ್ಬೆ ಹಾಕುತ್ತಿದ್ದಳು. ರಾತ್ರಿಯಿಡೀ ಹಬೆಯಲ್ಲಿ ಬೇಯುತ್ತಿತ್ತು. ಬೆಳಗ್ಗೆ ಹೊತ್ತುಕೊಂಡು ಕೆರೆಗೆ. ಆ ವಾಸನೆ ಈಗಲೂ ಮೂಗಿನಲ್ಲಿದೆ. ಮೌರಿಟ್ಸ್‌ಹೌಸ್‌ನಲ್ಲಿ ಆ ಚಿತ್ರದ ಮುಂದೆ ನಿಂತಾಗ ಬಂದಿದ್ದು ಅದೇ ವಾಸನೆ.

ಮೇಷ್ಟ್ರು ಹೇಳಿದ ಆ ಬಿಳಿ ತೋಳಿನ ಪಟ್ಟಿ, ಕಾಲರ್, ಆ ಊಟದ ಮೇಜಿನ ಬಟ್ಟೆ, ಎಲ್ಲದಕ್ಕೂ ಮೊದಲು ಈ ಹೊಲ ಇದೆ. ಆ ಕೆಲಸದವರನ್ನು ಕೂರಿಸಿ ಯಾರೂ ದೊಡ್ಡ ಚಿತ್ರ ಬರೆಸಲಿಲ್ಲ. ಇರುವೆ ಗಾತ್ರದಲ್ಲಿ ಆದರೂ ಬರೆದನಲ್ಲ ರಾಯ್ಸ್‌ಡಾಲ್, ಅಷ್ಟು ಸಾಕು ಅಂದುಕೊಂಡೆ.

ಉಡುಪಿ_ರಥಬೀದಿ

ಇದನ್ನು ಎರಡು ಸಲ ಓದಿದೆ.

ಲೆಕ್ಕದ_ಪುಸ್ತಕ

ಚೌಳುಮಣ್ಣು ಅವರೇ, ಇನ್ನೊಂದು ಕೊಂಡಿ ಸೇರಿಸುತ್ತೇನೆ. 1616ರ ಚಿತ್ರದ ಮೇಜಿನ ಬಟ್ಟೆ ಡಮಾಸ್ಕ್ ನೇಯ್ಗೆ. ಬಿಳಿಯ ಮೇಲೆ ಬಿಳಿ ಹೂವು. ಅದನ್ನು ಹಾರ್ಲೆಮ್‌ನಲ್ಲೇ ನೇಯುತ್ತಿದ್ದರು, ಫ್ಲಾಂಡರ್ಸ್ (ಈಗಿನ ಬೆಲ್ಜಿಯಂ) ಕಡೆಯಿಂದ ಓಡಿಬಂದ ನೇಕಾರರು. 1585ರಲ್ಲಿ ಆಂಟ್‌ವರ್ಪ್ ಸ್ಪೇನಿನವರ ಕೈಗೆ ಬಿದ್ದ ಮೇಲೆ ಸಾವಿರಾರು ಜನ ಗಂಟು ಮೂಟೆ ಕಟ್ಟಿಕೊಂಡು ಉತ್ತರಕ್ಕೆ ಬಂದರು. ಹಾಲ್ಸ್‌ನ ಅಪ್ಪನೂ ಬಟ್ಟೆ ಕೆಲಸದವನೇ, ಆಂಟ್‌ವರ್ಪ್‌ನಿಂದ ಬಂದವನು. ಮಾಂಸದ ಮಾರುಕಟ್ಟೆ ಕಟ್ಟಿದ ಲೀವನ್ ದ ಕೇ ಗೆಂಟ್ ಊರಿನವನು. ಅಂದರೆ ಇವತ್ತು ನಾವು ಅಪ್ಪಟ ಹಾರ್ಲೆಮ್ ಅಂತ ಫೋಟೋ ತೆಗೆಯುವ ಅರ್ಧ ಸಾಮಾನು ವಲಸೆ ಬಂದವರದ್ದು. ಇಲ್ಲಿ ವೀಸಾ ಸಾಲಿನಲ್ಲಿ ನಿಂತಾಗ ಇದನ್ನು ನೆನಪು ಮಾಡಿಕೊಳ್ಳುತ್ತೇನೆ.

ಇನ್ನೊಂದು ದುಡ್ಡು ಬಿಯರ್‌ದು. ಪಡೆಯ ಅಧಿಕಾರಿಗಳಲ್ಲಿ ಬಿಯರ್ ತಯಾರಕರು ಜಾಸ್ತಿ. 1627ರ ಒಂದು ಚಿತ್ರದಲ್ಲಿ ಒಬ್ಬ ಕ್ಯಾಪ್ಟನ್ ಖಾಲಿ ಗ್ಲಾಸನ್ನು ಬೋರಲು ಹಿಡಿದು ಕೂತಿದ್ದಾನೆ, "ಎಲ್ಲಪ್ಪಾ ಇನ್ನೊಂದು ರೌಂಡ್" ಅನ್ನುವ ಹಾಗೆ. ಈ ಊಟಗಳು ಒಂದು ದಿನದ್ದಲ್ಲ. ಕೆಲವೊಮ್ಮೆ ಇಡೀ ವಾರ ನಡೆಯುತ್ತಿದ್ದವು. 1621ರಲ್ಲಿ ಊರಿನ ಆಡಳಿತವೇ ಖರ್ಚು ತಾಳಲಾರದೆ ಮೂರು ದಿನ, ಹೆಚ್ಚೆಂದರೆ ನಾಲ್ಕು ದಿನ ಸಾಕು ಅಂತ ನಿಯಮ ಮಾಡಿತು.

ತುಂಗಾತೀರ

ಬಿಯರ್ ನೀರಿನ ಕಥೆ ನನಗೆ ಗೊತ್ತು! ಸ್ಪಾರ್ನೆ ನದಿ ನೀರು ಗಲೀಜಾಗಿತ್ತು. ಅದಕ್ಕೆ ಮರಳದಿಬ್ಬದ ಕಡೆಯಿಂದ ದೋಣಿಯಲ್ಲಿ ನೀರು ತರುತ್ತಿದ್ದರು. ಆ ಕಾಲುವೆಗೆ ಹೆಸರೇ ಬಿಯರ್‌ನವರ ಕಾಲುವೆ, ಬ್ರೌವರ್ಸ್‌ಫಾರ್ಟ್. ಚೌಕದ ಚಿತ್ರ ಬರೆದ ಬೆರ್ಕ್‌ಹೈಡೆ ಸತ್ತಿದ್ದು ಅದೇ ಕಾಲುವೆಯಲ್ಲಿ ಬಿದ್ದು, 1698ರಲ್ಲಿ. ಹೆಂಡದಂಗಡಿಯಿಂದ ಮನೆಗೆ ಹೋಗುವಾಗ ಅಂತೆ.

ದಾವಣಗೆರೆ_ಮಂಡಕ್ಕಿ

ಸೇಡಿನ ಕಥೆ ಹೋಯಿತು, ಸರಿ. ನನ್ನದು ಇನ್ನೊಂದು ಪ್ರಶ್ನೆ. ಇಷ್ಟು ಹೊತ್ತು ಗಂಡಸು ಕಲಾವಿದರೇ ಬಂದರು. ಹೆಂಗಸರು ಇರಲಿಲ್ಲವಾ?

ಉಡುಪಿ_ರಥಬೀದಿ

ಇದಕ್ಕೆ ನಾನು ಹೇಳುತ್ತೇನೆ, ನಿನ್ನೆ ರಾತ್ರಿ ಕೂತು ಓದಿದೆ. ಯೂಡಿತ್ ಲೈಸ್ಟರ್. 1609ರಲ್ಲಿ ಹಾರ್ಲೆಮ್‌ನಲ್ಲೇ ಹುಟ್ಟಿದವಳು. 1633ರಲ್ಲಿ ಕಲಾವಿದರ ಸಂಘಕ್ಕೆ ಸದಸ್ಯೆ ಆದಳು, ಆಗ ಹೆಂಗಸರಿಗೆ ಇದು ಸುಲಭ ಇರಲಿಲ್ಲ. ಅಪ್ಪನದು ಬಿಯರ್ ಭಟ್ಟಿ, ಅದರ ಹೆಸರೇ ಲೈಸ್ಟರ್, ಅಂದರೆ ದಾರಿ ತೋರಿಸುವ ನಕ್ಷತ್ರ. ಅದನ್ನೇ ಮನೆಹೆಸರು ಮಾಡಿಕೊಂಡರು. ಚಿತ್ರದ ಮೂಲೆಯಲ್ಲಿ ತನ್ನ ಅಕ್ಷರ ಹೆಣೆದು ಪಕ್ಕದಲ್ಲಿ ಒಂದು ನಕ್ಷತ್ರ ಹಾಕುತ್ತಿದ್ದಳು.

ಸತ್ತ ಮೇಲೆ ಅವಳ ಹೆಸರು ಪೂರ್ತಿ ಮರೆತುಹೋಯಿತು. ಅವಳ ಎಷ್ಟೋ ಚಿತ್ರಗಳನ್ನು ಹಾಲ್ಸ್‌ನದ್ದು ಅಂತ ಮಾರಿದರು. 1893ರಲ್ಲಿ ಒಬ್ಬ ವಿದ್ವಾಂಸ ಆ ನಕ್ಷತ್ರ ಗುರುತಿಸಿದ ಮೇಲೆ ವಾಪಸ್ ಬಂದಳು. ಇನ್ನೂರು ವರ್ಷಕ್ಕೂ ಮೇಲೆ!

ಅವಳೂ ಜೋರೇ. ಶಿಷ್ಯನೊಬ್ಬ ಅವಳನ್ನು ಬಿಟ್ಟು ಹಾಲ್ಸ್ ಹತ್ತಿರ ಹೋದಾಗ ಸಂಘಕ್ಕೆ ದೂರು ಕೊಟ್ಟಳು. ಹಾಲ್ಸ್‌ಗೆ ದಂಡ ಬಿತ್ತು. ಹುಡುಗನನ್ನು ನೋಂದಾಯಿಸಿರಲಿಲ್ಲ ಅಂತ ಇವಳಿಗೂ ಬಿತ್ತು. ಹುಡುಗ ಮಾತ್ರ ವಾಪಸ್ ಬರಲಿಲ್ಲ.

ದಾವಣಗೆರೆ_ಮಂಡಕ್ಕಿ

ಆಹಾ. ಹೆಂಗಸರ ಮಾತು ಬಂದರೆ ಕೆನೌ ಬಿಡಲಾಗುತ್ತದಾ? ನಮ್ಮ ಪಕ್ಕದ ಚಿತ್ರದುರ್ಗದಲ್ಲಿ ಓಬವ್ವ, ಹಾರ್ಲೆಮ್‌ನಲ್ಲಿ ಕೆನೌ. 1572ರ ಡಿಸೆಂಬರ್‌ನಿಂದ 73ರ ಜುಲೈವರೆಗೆ ಸ್ಪೇನಿನವರು ಊರಿಗೆ ಮುತ್ತಿಗೆ ಹಾಕಿದ್ದರು. ಮರದ ವ್ಯಾಪಾರ ಮಾಡುತ್ತಿದ್ದ ವಿಧವೆ ಕೆನೌ ಮುನ್ನೂರು ಹೆಂಗಸರ ಪಡೆ ಕಟ್ಟಿದಳು ಅಂತ ಕಥೆ. ವ್ಯಾಪಾರ ಮಾಡಿದ್ದಕ್ಕೆ ದಾಖಲೆ ಇದೆ, ಮುನ್ನೂರು ಹೆಂಗಸರದ್ದು ಜನರ ಬಾಯಲ್ಲಿ ಬೆಳೆದದ್ದು. ಆದರೂ ಅವಳನ್ನು ಕೈಯಲ್ಲಿ ಆಯುಧ ಕೊಟ್ಟು ಬರೆದ ಹಳೇ ಚಿತ್ರ ರೈಕ್ಸ್ ಮ್ಯೂಸಿಯಂನಲ್ಲಿ ಇದೆ.

ಲೆಕ್ಕದ_ಪುಸ್ತಕ

ಆ ಮುತ್ತಿಗೆಯಲ್ಲಿ ಊರು ಸೋತಿದ್ದು ಹಸಿವಿನಿಂದ. ಪಕ್ಕದ ದೊಡ್ಡ ಸರೋವರದಲ್ಲಿ ದೋಣಿಗಳು ಊಟ ತರುತ್ತಿದ್ದವು. 73ರ ಮೇ ತಿಂಗಳಲ್ಲಿ ಸ್ಪೇನಿನವರು ಆ ಸರೋವರವನ್ನೂ ಗೆದ್ದರು. ಆಮೇಲೆ ದಾರಿ ಇರಲಿಲ್ಲ. ಆ ಸರೋವರ ಈಗ ಎಲ್ಲಿದೆ ಹೇಳಿ? 1852ರ ಹೊತ್ತಿಗೆ ಪಂಪು ಹಾಕಿ ಪೂರ್ತಿ ಬತ್ತಿಸಿದರು. ಸ್ಕಿಪೋಲ್ ವಿಮಾನ ನಿಲ್ದಾಣ ಇರುವುದು ಅದರ ತಳದಲ್ಲಿ. ಬೆಂಗಳೂರಿನಿಂದ ಬಂದವರೆಲ್ಲ ಮೊದಲು ಕಾಲಿಡುವುದು ಆ ಯುದ್ಧ ನಡೆದ ನೀರಿನ ಕೆಳಗೆ.

ಗೋಳಗುಮ್ಮಟದ_ನೆರಳು

ವಿಜಯಪುರದಿಂದ ನಮಸ್ಕಾರ. ನೀವೆಲ್ಲ ಹಾರ್ಲೆಮ್‌ಗೆ ಹೋಗಿ ಬಂದವರು. ಹಾರ್ಲೆಮ್‌ನಿಂದ ನಮ್ಮೂರಿಗೆ ಬಂದ 400 ವರ್ಷ ಹಿಂದಿನ ಒಬ್ಬ ಕಲಾವಿದ ಇದ್ದಾನೆ, ಗೊತ್ತೇನ್ರೀ?

ಹೆಸರು ಕೊರ್ನೆಲಿಸ್ ಕ್ಲಾಸ್ ಹೇಡಾ. ಹಾರ್ಲೆಮ್‌ನವನು. ಪ್ರಾಗ್‌ನಲ್ಲಿ ಚಕ್ರವರ್ತಿ ಎರಡನೇ ರುಡಾಲ್ಫ್‌ನ ಆಸ್ಥಾನದಲ್ಲಿದ್ದ. ಅಲ್ಲಿಂದ ಪರ್ಷಿಯಾಕ್ಕೆ ಹೊರಟ. ದಾರಿ ತಪ್ಪಿ, ಕಷ್ಟಪಟ್ಟು, ಗೋವಾ ಮೂಲಕ ಬಿಜಾಪುರಕ್ಕೆ ಬಂದ. 1610ರ ಹೊತ್ತಿಗೆ ಎರಡನೇ ಇಬ್ರಾಹಿಂ ಆದಿಲ್ ಶಾಹನ ಆಸ್ಥಾನದಲ್ಲಿ ಚಿತ್ರಕಾರ ಆಗಿದ್ದ. ಸುಲ್ತಾನನಿಗೆ ಸಂಗೀತ, ಚಿತ್ರ ಅಂದರೆ ಪ್ರಾಣ. ಇವನು ರೋಮನ್ನರ ದೇವದೇವಿಯರ ಚಿತ್ರ ಬರೆದುಕೊಟ್ಟ, ಸುಲ್ತಾನನಿಗೆ ಬಹಳ ಹಿಡಿಸಿತು. ತೊರವಿ ಹತ್ತಿರದ ನವರಸಪುರದಲ್ಲಿ ವಾಸ. ಡಚ್ ಕಂಪನಿಯವರಿಗೆ ಇಲ್ಲಿಂದ ಕಾಗದ ಬರೆಯುತ್ತಿದ್ದ, ಅವು ಉಳಿದಿವೆ. ಊರಿಗೆ ವಾಪಸ್ ಹೋಗಲೇ ಇಲ್ಲ, ಇಲ್ಲೇ ಸತ್ತ.

ಅವನ ಕೈಯದ್ದೇ ಅಂತ ಖಚಿತವಾಗಿ ಹೇಳುವ ಚಿತ್ರ ಮಾತ್ರ ಒಂದೂ ಉಳಿದಿಲ್ಲ. ನಾನು ಸಂಜೆ ಹೊತ್ತು ನವರಸಪುರದ ಸಂಗೀತ ಮಹಲ್ ಕಡೆ ಹೋಗಿ ಕೂರುತ್ತೇನೆ. ಈ ದಾರಿಯಲ್ಲಿ ಒಬ್ಬ ಹಾರ್ಲೆಮ್‌ನವನು ಕುಂಚ ಹಿಡಿದು ನಡೆಯುತ್ತಿದ್ದ ಅನ್ನುವುದೇ ವಿಚಿತ್ರ ಅನ್ನಿಸುತ್ತದೆ. ಅವನಿಗೆ ಜೋಳದ ರೊಟ್ಟಿ ಹಿಡಿಸಿತ್ತಾ ಅಂತ ಕಾಗದದಲ್ಲಿ ಬರೆದಿಲ್ಲ ಬಿಡಿ, ಬರೆದಿದ್ದರೆ ಚೆನ್ನಾಗಿತ್ತು.

ಹಳೇ_ಡ್ರಾಯಿಂಗ್_ಮೇಷ್ಟ್ರು

ಗುಮ್ಮಟದವರೇ, ಧಾರವಾಡದಲ್ಲಿ ಇಷ್ಟು ವರ್ಷ ಇದ್ದೂ ನನಗೆ ಇದು ಗೊತ್ತಿರಲಿಲ್ಲ! ಹಾಲ್ಸ್ ಹಾರ್ಲೆಮ್‌ನಲ್ಲಿ ಮೊದಲ ಪಡೆ ಚಿತ್ರ ಬರೆಯುವ ಹೊತ್ತಿಗೆ ಅದೇ ಊರಿನ ಇನ್ನೊಬ್ಬ ಬಿಜಾಪುರದಲ್ಲಿ ಸುಲ್ತಾನನಿಗೆ ಬಣ್ಣ ಅರೆಯುತ್ತಿದ್ದ. ಭಲೇ.

ಕೊನೆಗೆ ಒಂದು ಸಲಹೆ. ಚೌಕದಲ್ಲಿರುವ ಆ ದೊಡ್ಡ ಸೇಂಟ್ ಬಾವೊ ಚರ್ಚಿನ ಒಳಗೆ ಹೋಗುವ ಮೊದಲು ಪೀಟರ್ ಸಾನ್ರೆಡಾಮ್ ಎಂಬಾತ ಅದರ ಒಳಗನ್ನು ಬರೆದ ಚಿತ್ರ ನೋಡಿ. ಒಂದು ರೈಕ್ಸ್‌ನಲ್ಲಿದೆ, 1636ರದ್ದು. ಪೂರ್ತಿ ಬಿಳಿ ಗೋಡೆ, ಬಿಳಿ ಕಂಬ. 1578ರಲ್ಲಿ ಚರ್ಚು ಪ್ರಾಟೆಸ್ಟಂಟರ ಕೈಗೆ ಬಂದ ಮೇಲೆ ಮೂರ್ತಿ, ಬಲಿಪೀಠ ಎಲ್ಲ ಹೋದವು. ಸಾನ್ರೆಡಾಮ್ ಕಂಬ ಕಂಬ ಅಳತೆ ಹಿಡಿದು ಮೊದಲು ಕಾಗದದ ಮೇಲೆ ಗೆರೆ ಎಳೆದು, ಎಷ್ಟೋ ಕಾಲದ ಮೇಲೆ ಬಣ್ಣ ಹಚ್ಚುತ್ತಿದ್ದ. ಚರ್ಚಿನ ಒಳಗೆ ಹೋಗಿ ನಿಂತರೆ ಆ ಬಿಳಿ ಹಾಗೇ ಇದೆ. ಹಾಲ್ಸ್, ಸಾನ್ರೆಡಾಮ್ ಇಬ್ಬರ ಸಮಾಧಿಯೂ ಅಲ್ಲೇ. ನೆಲ ಪೂರ್ತಿ ಸಮಾಧಿ ಕಲ್ಲು, ನೋಡಿಕೊಂಡು ಕಾಲಿಡಿ. ಒಳಗೆ ನಾಯಿ ಓಡಿಸುವವನ ಹೆಸರಿನ ಒಂದು ಪುಟ್ಟ ಕೋಣೆಯೂ ಇದೆ. ಚರ್ಚಿಗೆ ನುಗ್ಗುವ ನಾಯಿ ಓಡಿಸಲು ಸಂಬಳದ ಆಳು ಇರುತ್ತಿದ್ದ. ನಮ್ಮ ಶಾಲೆಗೂ ಒಬ್ಬ ಬೇಕಿತ್ತು.

ಚೌಳುಮಣ್ಣು

ರಾತ್ರಿ ಒಂಬತ್ತರವರೆಗೆ ಉಳಿಯುವುದಾದರೆ ಆ ಚರ್ಚಿನ ಎರಡು ಸಣ್ಣ ಗಂಟೆ ಕೇಳಿ. ಒಂಬತ್ತಕ್ಕೆ ಶುರು, ಅರ್ಧ ಗಂಟೆ ಬಾರಿಸುತ್ತವೆ. ಹಿಂದೆ ಕೋಟೆ ಬಾಗಿಲು ಹಾಕುವ ಹೊತ್ತು ಅದು. ಬಾಗಿಲು ಹೋಯಿತು, ಗಂಟೆ ಉಳಿಯಿತು.

ತುಂಗಾತೀರ

ಶನಿವಾರ ಮತ್ತೆ ಹೊರಟಿದ್ದೇವೆ. ಈ ಸಲ ತೋಳಿನ ಪಟ್ಟಿ, ಆರು ಹೆಜ್ಜೆ ಹಿಂದೆ ಮುಂದೆ, ಚರ್ಚು, ರಾತ್ರಿ ಗಂಟೆ ಎಲ್ಲ ಇದೆ. ಭಾನುವಾರ ಮರಳದಿಬ್ಬ ಹತ್ತಿ ರಾಯ್ಸ್‌ಡಾಲ್ ನಿಂತ ಕಡೆಯಿಂದ ಊರು ಕಾಣುತ್ತದಾ ನೋಡಬೇಕು. ಯಾರಾದರೂ ಜೊತೆಗೆ ಬರುವವರಿದ್ದರೆ ಮೆಸೇಜ್ ಮಾಡಿ. ಅಮ್ಮ ಚಿತ್ರಾನ್ನ ಕಟ್ಟುತ್ತಾರೆ.

ಅಂದಹಾಗೆ ಆರು ಟೋಪಿ ಯಾಕೆ ಅನ್ನುವುದಕ್ಕೆ ಅಪ್ಪ ಈಗ ತಾವೇ ಉತ್ತರ ಕಂಡುಕೊಂಡಿದ್ದಾರೆ. ಇಲ್ಲಿನ ಜೂನ್ ಚಳಿಗೆ ಊರಿಂದ ತಂದ ಮಂಕಿ ಕ್ಯಾಪ್ ಒಗೆದು ಹಾಕಿದರೆ ಮೂರು ದಿನ ಆದರೂ ಒಣಗುವುದಿಲ್ಲವಂತೆ. ನಿನ್ನೆ ಅಂಗಡಿಗೆ ಹೋಗಿ ಇನ್ನೊಂದು ತಂದರು. ಎರಡಾಯಿತು, ಇನ್ನು ನಾಲ್ಕು ಬೇಕು ಅನ್ನುತ್ತಿದ್ದಾರೆ.